ಸರ್ವರ್ ಇಲ್ಲ ಅಂದರೆ ಏನು?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಬೆಂಗಳೂರಿನಲ್ಲಿ ನನ್ನ ಕೆಲಸ ಏನೆಂದು ಸಾಲೋಟಗಿಗೆ ಬಂದಾಗಲೆಲ್ಲ ಕೇಳುತ್ತಾರೆ. "ಕಂಪ್ಯೂಟರ್ ಕೆಲಸ" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಕಳೆದ ಸಲ ನಮ್ಮ ಓಣಿಯ ಆಯಿಯೊಬ್ಬರು ಬಿಡಲಿಲ್ಲ. "ಸರ್ವರ್ ನೋಡ್ಕೋತೀನಿ ಆಯಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರ ರೇಷನ್ ತರಾಕ ಹೋದಾಗ ಇಲ್ಲ ಇಲ್ಲ ಅಂತಾರಲ್ಲ, ಆ ಸರ್ವರ್ ನಿನ್ನ ಕಡೆ ಐತೇನು?" ಅಂದರು.

ಅದು ನನ್ನ ಕಡೆ ಇಲ್ಲ. ಆದರೆ ಅಂಥವೇ 40 ಯಂತ್ರಗಳು ನನ್ನ ಜವಾಬ್ದಾರಿಯಲ್ಲಿವೆ. ಅವಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ತಂಪು ಕೋಣೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಿರುತ್ತಾರೆ. ಅವನ್ನು ನಾನು ಕಣ್ಣಾರೆ ಕಂಡದ್ದು ಎರಡೇ ಸಲ. ಎಲ್ಲವೂ ಸೇರಿ ಒಂದೇ ಕೆಲಸ ಮಾಡುತ್ತವೆ. ಒಂದು ಕೆಟ್ಟರೆ ಅದರ ಪಾಲನ್ನು ಮತ್ತೊಂದು ಎತ್ತಿಕೊಳ್ಳುತ್ತದೆ. ಇಂಥ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಕ್ಲಸ್ಟರ್ ಎಂದೊಡನೆ ನಮ್ಮ ಗುರುಗಳಿಗೆ ಸಿ.ಆರ್.ಪಿ. ನೆನಪಾಗುತ್ತಾರೆ ಎಂದು ಗೊತ್ತು, ಇದು ಬೇರೆ. ನಮ್ಮೂರ ಶಾಸನದ ಮಾತನ್ನು ಎಲ್ಲರೂ ಆಡಿದ್ದೀರಿ. 945ರ ಆ ಶಾಸನದಲ್ಲಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಒಂದು ಶಾಲೆಯ ಮತ್ತು ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಇದ್ದ 27 ಮನೆಗಳ ಮಾತಿದೆ. ನನ್ನ ಕಣ್ಣಿಗೆ ಅದೂ ಒಂದು ಕ್ಲಸ್ಟರೇ.

ದೂರದಿಂದ ಯಂತ್ರ ನಡೆಸುವುದು ರೈತರಿಗೆ ಹೊಸದಲ್ಲ. ಮೊಬೈಲ್ ಸ್ಟಾರ್ಟರ್ ಇದ್ದವರು ಕಟ್ಟೆಯ ಮೇಲೆ ಕುಳಿತೇ ಲಿಂಬೆ ತೋಟದ ಮೋಟಾರು ಚಾಲೂ ಮಾಡುತ್ತೀರಿ. ನನ್ನದೂ ಅಷ್ಟೇ. ಒಂದೇ ವ್ಯತ್ಯಾಸ: ನಾನು ಕಳಿಸುವ ಮಾತನ್ನು ನಡುದಾರಿಯಲ್ಲಿ ಬೇರೆಯವರು ಓದಬಾರದು. ಹಿಂದೆ ಪಾಸ್‌ವರ್ಡ್ ಪೋಸ್ಟ್ ಕಾರ್ಡಿನ ಹಾಗೆ ಬಿಚ್ಚಿಟ್ಟು ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಎಂಬವರು, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದ್ದ ಮೇಲೆ, ಎಸ್.ಎಸ್.ಎಚ್. ಎಂಬುದನ್ನು ಬರೆದರು. ಇವತ್ತಿಗೂ ನಾವು ಬಳಸುವುದು ಅದನ್ನೇ. 40 ಬಾಗಿಲಿಗೂ ನನ್ನ ಬೀಗ ಹಾಕಿದ್ದೇನೆ. ಕೀಲಿಕೈ ನನ್ನ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವುದಿಲ್ಲ.

ಈಗ ನನ್ನ ತಪ್ಪಿನ ಕಥೆ ಹೇಳುತ್ತೇನೆ. 2020ರ ಜುಲೈ, ಕೊರೊನಾ ಕಾಲ. ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಾಳಿಗೆಯ ಮೇಲೆ ಮಾತ್ರ ಸಿಗ್ನಲ್. ಒಂದು ರಾತ್ರಿ ಹನ್ನೊಂದೂವರೆಗೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪಟ್ಟಿಯನ್ನು ಬದಲಿಸುತ್ತಿದ್ದೆ. ಅದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ಅವಸರಕ್ಕೆ 40 ಯಂತ್ರಗಳಿಗೂ ಒಂದೇ ಏಟಿಗೆ ಆಜ್ಞೆ ಕಳಿಸಿದೆ. ಪಟ್ಟಿಯಲ್ಲಿ ಎರಡು ಸಾಲು ಬಿಟ್ಟಿದ್ದೆ. ಒಂದು ನನ್ನದೇ ವಿಳಾಸ. ಇನ್ನೊಂದು, ಆ ಯಂತ್ರಗಳು ಒಂದರ ಜೊತೆ ಒಂದು ಮಾತಾಡುವ ದಾರಿ.

ಪರದೆ ಅಲ್ಲಾಡದೆ ನಿಂತಿತು. ನಾ ಕುಂತ ಟೊಂಗಿ ನಾನೇ ಕಡಿದಿದ್ದೆ. ಯಂತ್ರಗಳೆಲ್ಲ ಜೀವಂತ ಇದ್ದವು, ಆದರೆ ಪ್ರತಿಯೊಂದೂ ಉಳಿದ 39 ಸತ್ತಿವೆ ಎಂದು ತಿಳಿದು ಕೆಲಸ ನಿಲ್ಲಿಸಿತ್ತು.

ಇಂಥ ಹೊತ್ತಿಗೆಂದೇ ದೊಡ್ಡ ಯಂತ್ರದೊಳಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ, ಬಿ.ಎಂ.ಸಿ. ಅಂತ. ದೊಡ್ಡದು ಮಲಗಿದರೂ ಅದು ಎಚ್ಚರ. ಅದಕ್ಕೆ ಬೇರೆಯೇ ತಂತಿ, ಬೇರೆಯೇ ದಾರಿ. ಆ ದಾರಿಯಿಂದ ಒಂದೊಂದಾಗಿ 37 ಯಂತ್ರಗಳನ್ನು ಸರಿ ಮಾಡಿದೆ. ಉಳಿದ ಮೂರಕ್ಕೆ ಆ ತಂತಿಯನ್ನು ಯಾರೂ ಜೋಡಿಸಿರಲೇ ಇಲ್ಲ. ಬೆಂಗಳೂರಿನ ಸಹೋದ್ಯೋಗಿಯೊಬ್ಬರು ನಡುರಾತ್ರಿ ಬೈಕ್ ಏರಿ ಹೋದರು. ಎಲ್ಲ ಮುಗಿಯುವಾಗ ಬೆಳಗಿನ ನಾಲ್ಕೂವರೆ.

ಅದೇ ದಿನ ಮಧ್ಯಾಹ್ನ ಅಪ್ಪ ಬೆಳೆ ವಿಮೆ ತುಂಬಲು ಹೋದವರು ಬರಿಗೈಲಿ ಬಂದರು. "ಸರ್ವರ್ ಇಲ್ಲಂತ ಯವ್ವಾ. ಎರಡ ದಿನ ಆತು." ಆ ಸರ್ವರಿಗೂ ನನಗೂ ಸಂಬಂಧವಿಲ್ಲ, ಆದರೂ ನನಗೆ ಅನ್ನ ಇಳಿಯಲಿಲ್ಲ. ಅಪ್ಪ ಕೈಕಾಲು ತೊಳೆದುಕೊಂಡು ಬಂದು ಕೇಳಿದರು: "ಅದೇನ್ ಮಳಿ ಇದ್ದಾಂಗೇನು? ಬರಲಿಲ್ಲಂದ್ರ ಯಾರನ್ನೂ ಕೇಳಂಗಿಲ್ಲೇನು?"

"ಮಳಿ ಅಲ್ಲಪ್ಪಾ. ನನ್ನಂಥವರು ಯಾರೋ ಏನೋ ಮಾಡಿರತಾರ" ಅಂದೆ. ರಾತ್ರಿಯ ಕಥೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮೂರನೇ ದಿನ ಅಪ್ಪನ ಕೆಲಸ ಆಯಿತು. ಅವರ ಹಿಂದೆ ಪಾಳಿಯಲ್ಲಿದ್ದ ಒಬ್ಬರು ಬೇಸತ್ತು ಮನೆಗೆ ಹೋದವರು ಮತ್ತೆ ಬರಲಿಲ್ಲ. ಅವರದು ತಪ್ಪಿತು.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕೈಬರಹದ ಉತಾರಕ್ಕಾಗಿ ತಲಾಟಿಯವರ ಹಿಂದೆ ಅಲೆದ ಹಿರಿಯರು ಇಲ್ಲಿದ್ದೀರಿ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರಿಗೆ ಬಂದವು. ಮೊದಲು ಆ ಕಂಪ್ಯೂಟರು ತಾಲ್ಲೂಕಿನಲ್ಲೇ ಇತ್ತು. ಕೆಟ್ಟರೆ ಇಂಡಿಯವರಿಗಷ್ಟೇ ತೊಂದರೆ. ಎಲ್ಲವೂ ಬೆಂಗಳೂರಿನಲ್ಲಿ ಒಂದೆಡೆ ಸೇರಿದ ಮೇಲೆ ಅನುಕೂಲವೂ ದೊಡ್ಡದು, ಕೆಟ್ಟಾಗಿನ ಪಾಳಿಯೂ ದೊಡ್ಡದು. ದೊಡ್ಡವರೂ ಎಡವುತ್ತಾರೆ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್ ನಿಂತದ್ದು ನೆನಪಿದೆಯೆ? ಫೇಸ್‌ಬುಕ್ಕಿನವರು ತಮ್ಮ ಜಾಲ ಪರೀಕ್ಷಿಸಲು ಕೊಟ್ಟ ಒಂದು ಆಜ್ಞೆಯಿಂದ ಅವರ ಸಂಪರ್ಕವೆಲ್ಲ ಕಡಿಯಿತು. ದೂರದಿಂದ ಸರಿಮಾಡಲು ಆಗದೆ ಎಂಜಿನಿಯರುಗಳು ಯಂತ್ರಗಳಿದ್ದ ಜಾಗಕ್ಕೇ ಹೋಗಬೇಕಾಯಿತು. ಸುಮಾರು ಆರು ತಾಸು ಹಿಡಿಯಿತು.

ಆದ್ದರಿಂದ ಕೌಂಟರಿನಲ್ಲಿ "ಸರ್ವರ್ ಇಲ್ಲ" ಎಂದರೆ ಸುಮ್ಮನೆ ತಿರುಗಬೇಡಿ. ಪಕ್ಕದ ಊರಿಗೆ ಫೋನ್ ಮಾಡಿ. ಅಲ್ಲಿ ನಡೆಯುತ್ತಿದ್ದರೆ ಸರ್ವರ್ ಇದೆ, ಇಲ್ಲಿಯ ಲೈನ್ ಹೋಗಿದೆ, ಎಲ್ಲೋ ಜೆ.ಸಿ.ಬಿ. ಕೇಬಲ್ ಕಿತ್ತಿರಬಹುದು. ಎಲ್ಲೂ ನಡೆಯದಿದ್ದರೆ ತೊಂದರೆ ಬೆಂಗಳೂರಿನದು. ಕೊನೆಯ ದಿನವಾಗಿದ್ದರೆ ಎಲ್ಲರೂ ಒಮ್ಮೆಗೇ ನುಗ್ಗಿರುತ್ತಾರೆ, ರಾತ್ರಿ ಹೊತ್ತು ನೋಡಬೇಕು. ಬಂದ ದಿನ, ಹೊತ್ತು ಬರೆಸಿಕೊಂಡು ಹೋಗಿ. ಕೌಂಟರಿನಲ್ಲಿ ಕುಳಿತವರ ಮೇಲೆ ಮಾತ್ರ ಸಿಟ್ಟಾಗಬೇಡಿ, ಅವರ ಕೈಯಲ್ಲಿ ಏನೂ ಇರುವುದಿಲ್ಲ.

ನನ್ನ ಗಣಿತದ ಗುರುಗಳು ಲೆಕ್ಕ ಬಿಡಿಸಿದ ಮೇಲೆ ತಾಳೆ ನೋಡದಿದ್ದರೆ ಅಂಕ ಕೊಡುತ್ತಿರಲಿಲ್ಲ. ಈಗ ನಾನು ಮೊದಲು ಒಂದೇ ಯಂತ್ರದ ಮೇಲೆ ಬದಲಿಸಿ ತಾಳೆ ನೋಡುತ್ತೇನೆ. ಅದಕ್ಕೂ ಮುಂಚೆ "ಹತ್ತು ನಿಮಿಷದಲ್ಲಿ ನಾನು ಬೇಡ ಅನ್ನದಿದ್ದರೆ ಹಳೆಯದನ್ನೇ ಹಾಕಿಕೋ" ಎಂದು ಅದಕ್ಕೆ ಹೇಳಿರುತ್ತೇನೆ. ಬಾಗಿಲು ಹಾಕಿಕೊಂಡರೂ ಹತ್ತು ನಿಮಿಷಕ್ಕೆ ತಾನೇ ತೆರೆಯುತ್ತದೆ.

ಲ್ಯಾಪ್‌ಟಾಪ್ ತಂದಿದ್ದೇನೆ. ಹತ್ತನೇ ತರಗತಿಯ ಮಕ್ಕಳು ಊಟವಾದ ಮೇಲೆ ಬನ್ನಿ. ಬೆಂಗಳೂರಿನಲ್ಲಿ ಪ್ರಯೋಗಕ್ಕೆಂದು ಇಟ್ಟುಕೊಂಡ ಒಂದು ಯಂತ್ರಕ್ಕೆ ಇಲ್ಲಿಂದಲೇ ಹೋಗಿ ತೋರಿಸುತ್ತೇನೆ. ಇಲ್ಲಿ ನೆಟ್ ಸಿಗದಿದ್ದರೆ ನಮ್ಮ ಮನೆಯ ಮಾಳಿಗೆ ಇದ್ದೇ ಇದೆ.