ಜ್ವರ ಎಷ್ಟಿದೆ?



ಮಗುವಿಗೆ ಜ್ವರ ಬಂದ ರಾತ್ರಿ ನಾವು ಊರಿಗೆ ಫೋನ್ ಮಾಡುತ್ತೇವೆ. "39 ಇದೆ, ಅಮ್ಮ" ಎಂದರೆ ಆ ಕಡೆಯಿಂದ, "ಅದೆಂಥ ಲೆಕ್ಕವೇ! ನೂರು ದಾಟಿದೆಯೋ ಇಲ್ಲವೋ, ಅದನ್ನು ಹೇಳು" ಎಂಬ ಉತ್ತರ. ಊರಿನ ಮನೆಗಳಲ್ಲಿ ಜ್ವರವನ್ನು ಇಂದಿಗೂ ಫ್ಯಾರನ್‌ಹೀಟ್‌ನಲ್ಲಿ ಹೇಳುವುದೇ ಹೆಚ್ಚು. ಆಸ್ಟ್ರೇಲಿಯಾದ ಹವಾಮಾನ ವರದಿ 1972ರಲ್ಲೇ ಸೆಲ್ಸಿಯಸ್‌ಗೆ ಬದಲಾಯಿತು. ಬಾಯಿಲೆಕ್ಕ ಸುಲಭ: 39ರ ಎರಡರಷ್ಟು 78, ಅದರ ಹತ್ತನೆಯ ಒಂದು ಪಾಲು ಕಳೆದರೆ 70.2, 32 ಕೂಡಿಸಿದರೆ 102.2.

ಆದರೆ ಆ 39 ಸರಿಯೆಂದು ನಂಬುವುದು ಹೇಗೆ? ಸ್ವೀಡನ್ನಿನ ಸೆಲ್ಸಿಯಸ್ 1742ರಲ್ಲಿ ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಬಿಂದುಗಳ ನಡುವೆ ನೂರು ಭಾಗ ಮಾಡಿದರು. ಆಗ ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100! ಆಮೇಲೆ ಅದನ್ನು ತಿರುಗಿಸಿದರು. ಕುದಿಯುವ ಬಿಂದುವಂತೂ ಊರಿಗೊಂದು: ಇಲ್ಲಿ ನೀರು ಹೆಚ್ಚುಕಡಿಮೆ 100ಕ್ಕೆ ಕುದಿದರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಸುಮಾರು 97ಕ್ಕೇ ಕುದಿಯುತ್ತದೆ.

ಆದ್ದರಿಂದ ವಿಜ್ಞಾನಿಗಳು ಎಲ್ಲೂ ಬದಲಾಗದ ಬಿಂದುಗಳನ್ನು ಹುಡುಕಿದರು. ಗಾಳಿ ತೆಗೆದು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗಿರುವಾಗ ಉಷ್ಣತೆ 0.01 ಡಿಗ್ರಿ. ಗ್ಯಾಲಿಯಂ ಲೋಹ ಕರಗುವುದು 29.7646ರಲ್ಲಿ. 1990ರ ಅಂತರರಾಷ್ಟ್ರೀಯ ಮಾನ ನಿಂತಿರುವುದು ಇಂಥ ಬಿಂದುಗಳ ಮೇಲೆ. ನಡುವಿನ ಅಂತರವನ್ನು ತುಂಬುವುದು ಪ್ಲಾಟಿನಂ ತಂತಿಯ ವಿದ್ಯುತ್ ರೋಧ. 2019ರಿಂದ ಕೆಲ್ವಿನ್ನಿನ ವ್ಯಾಖ್ಯೆಗೆ ಬೋಲ್ಟ್ಸ್‌ಮನ್ ಸ್ಥಿರಾಂಕವೇ ಆಧಾರವಾದರೂ ಪ್ರಯೋಗಾಲಯಗಳ ನಿತ್ಯದ ಕೆಲಸಕ್ಕೆ ಈ ಮಾನವೇ ಬಳಕೆಯಲ್ಲಿದೆ.

ಈ ಮಾನವನ್ನು ಇಲ್ಲಿ ಕಾಪಾಡುವುದು ಸಿಡ್ನಿಯ ಲಿಂಡ್‌ಫೀಲ್ಡ್‌ನಲ್ಲಿರುವ ರಾಷ್ಟ್ರೀಯ ಮಾಪನ ಸಂಸ್ಥೆ. ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ತಾಳೆ ನೋಡುವ ಕ್ರಮ ಸರಳ: ಕಲಕುತ್ತಿರುವ ನೀರಿನ ತೊಟ್ಟಿಯಲ್ಲಿ ನಂಬಿಕೆಯ ಥರ್ಮಾಮೀಟರ್ ಪಕ್ಕದಲ್ಲಿ ಹೊಸದನ್ನಿಟ್ಟು, ಹಲವು ಉಷ್ಣತೆಗಳಲ್ಲಿ ಎರಡನ್ನೂ ಓದಿ, ವ್ಯತ್ಯಾಸ ಬರೆದುಕೊಡುತ್ತಾರೆ. ಪ್ರಮಾಣಪತ್ರ ತಪ್ಪನ್ನು ತಿದ್ದುವುದಿಲ್ಲ. ತಪ್ಪು ಎಷ್ಟೆಂದು ಹೇಳುತ್ತದೆ.

ಅಡಿಗೆಮನೆಯ ಥರ್ಮಾಮೀಟರನ್ನು ನಾವೇ ನೋಡಬಹುದು. ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಸ್ವಲ್ಪ ನೀರು ಬೆರೆಸಿ ಕಲಕಿ ಅದ್ದಿದರೆ 0 ತೋರಿಸಬೇಕು. ಜ್ವರದ ಥರ್ಮಾಮೀಟರಿಗೆ ಈ ಪರೀಕ್ಷೆ ಬೇಡ. ಅದು ಅಷ್ಟು ಕೆಳಗಿನದನ್ನು ಅಳೆಯುವುದಿಲ್ಲ.

ಮೂರು ತಿಂಗಳೊಳಗಿನ ಕೂಸಿಗೆ 38, ಅಂದರೆ ಊರಿನ ಲೆಕ್ಕದಲ್ಲಿ 100.4 ಮುಟ್ಟಿದರೂ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಅಲ್ಲಿ ಅರ್ಧ ಡಿಗ್ರಿಯ ತಪ್ಪೂ ಸಣ್ಣದಲ್ಲ. ಊರಿಗೆ ಫೋನ್ ಮಾಡುವಾಗ ಅಂಕಿಯ ಜೊತೆಗೆ ಯಾವ ಮಾನವೆಂದೂ ಹೇಳೋಣ. ಅಜ್ಜಿಯ ನಿದ್ದೆಯೂ ಉಳಿದೀತು.