ಮುಟ್ಟಿದರೆ ಗೊತ್ತಾಗುತ್ತದೆಯೇ?

ಅಮೆರಿಕದ ಲಿಯೊನಿಡಸ್ ಪೋಕ್ ಎಂಬ ಬಿಷಪ್ಪರಿಗೆ ಒಂದು ವಿಚಿತ್ರ ಕಾಟವಿತ್ತು. ಕತ್ತಲಲ್ಲಿ ಕೈ ಹಿತ್ತಾಳೆಗೆ ತಗುಲಿದರೆ ಸಾಕು, ಮುಟ್ಟಿದ್ದು ಏನೆಂದು ಕಾಣದಿದ್ದರೂ ಬಾಯಲ್ಲಿ ಕಿಲುಬಿನ ರುಚಿ ಬಂದುಬಿಡುತ್ತಿತ್ತಂತೆ. 1840ರ ಆಸುಪಾಸಿನಲ್ಲಿ ಅವರು ಇದನ್ನು ಜೋಸೆಫ್ ರೋಡ್ಸ್ ಬ್ಯೂಕ್ಯಾನನ್ ಎಂಬ ಯುವ ವೈದ್ಯರ ಹತ್ತಿರ ಹೇಳಿಕೊಂಡರು. ಬೇರೆ ವೈದ್ಯರಾಗಿದ್ದರೆ ನಾಲಿಗೆ ಚಾಚಿಸಿ ನೋಡಿ, ಹೊಟ್ಟೆಗೆ ಏನೋ ಒಂದು ಬರೆದುಕೊಟ್ಟು ಕಳಿಸುತ್ತಿದ್ದರೇನೋ. ಬ್ಯೂಕ್ಯಾನನ್ ಮಾತ್ರ ಅದರಿಂದ ಒಂದು ಶಾಸ್ತ್ರವನ್ನೇ ಕಟ್ಟಿದರು.

ಅವರು ತಮ್ಮ ವೈದ್ಯ ವಿದ್ಯಾರ್ಥಿಗಳ ಕೈಗೆ ಕಾಗದದಲ್ಲಿ ಸುತ್ತಿದ ಔಷಧಿ ಕೊಟ್ಟರು. ಒಳಗೇನಿದೆ ಎಂದು ಹೇಳಲಿಲ್ಲ. ವಾಂತಿ ಬರಿಸುವ ಔಷಧಿಯ ಪೊಟ್ಟಣ ಹಿಡಿದವರಲ್ಲಿ ಕೆಲವರಿಗೆ ಹೊಟ್ಟೆ ತೊಳಸತೊಡಗಿತು. ಪೊಟ್ಟಣ ಕೆಳಗಿಟ್ಟ ಮೇಲೆಯೇ ಸಮಾಧಾನ. ಆಮೇಲೆ ಔಷಧಿಯ ಜಾಗಕ್ಕೆ ಪತ್ರಗಳು ಬಂದವು. ಪತ್ರವನ್ನು ಓದದೆ ಸುಮ್ಮನೆ ಕೈಯಲ್ಲಿ ಹಿಡಿದು, ಬರೆದವರ ಸ್ವಭಾವ ಎಂಥದ್ದೆಂದು ಹೇಳುವುದು. ಲೋಕದ ಪ್ರತಿ ವಸ್ತುವೂ ತನ್ನ ಸುತ್ತ ಏನನ್ನೋ ಸೂಸುತ್ತಿರುತ್ತದೆ, ಸೂಕ್ಷ್ಮ ಮನಸ್ಸಿನವರು ಅದನ್ನು ಗ್ರಹಿಸಬಲ್ಲರು ಎನ್ನುವುದು ಅವರ ವಾದ. 1842ರಲ್ಲಿ ಇದಕ್ಕೆ ಸೈಕೋಮೆಟ್ರಿ ಎಂದು ಹೆಸರಿಟ್ಟರು. 1885ರಲ್ಲಿ ಈ ಬಗ್ಗೆ ಬರೆದ ದೊಡ್ಡ ಪುಸ್ತಕದ ಹೆಸರಿನಲ್ಲೇ, ಇದು ಹೊಸ ನಾಗರಿಕತೆಯ ಉದಯ ಎಂದು ಸಾರಿದರು.

ಬಿಷಪ್ಪರ ಹಿತ್ತಾಳೆಗೆ ಇಷ್ಟು ದೂರ ಹೋಗಬೇಕಾಗಿರಲಿಲ್ಲ. ಬಸ್ಸಿನ ಕಂಬಿ ಹಿಡಿದು ನಿಂತವರ ಅಂಗೈಗೆ ಒಂದು ವಾಸನೆ ಹತ್ತುತ್ತದಲ್ಲ, ಅದು ಬರೀ ಲೋಹದ್ದಲ್ಲ, ನಮ್ಮ ಚರ್ಮದ ಜಿಡ್ಡು ಲೋಹಕ್ಕೆ ತಾಗಿ ಹುಟ್ಟುವ ವಾಸನೆ ಎಂದು ರಸಾಯನ ವಿಜ್ಞಾನಿಗಳು ತೋರಿಸಿದ್ದಾರೆ. ಇನ್ನು ವಿದ್ಯಾರ್ಥಿಗಳ ವಿಷಯ. ಮೇಷ್ಟ್ರು ಔಷಧಿ ಕೈಗಿಟ್ಟು, ಏನಾದರೂ ಅನ್ನಿಸುತ್ತಿದೆಯೇ ಎಂದು ಕೇಳುತ್ತಾ ನಿಂತರೆ ಯಾರ ಹೊಟ್ಟೆ ಸುಮ್ಮನಿದ್ದೀತು?

ನಮ್ಮಲ್ಲಿ ಒಡವೆ ಕಳೆದಾಗ ಅಂಜನ ಹಾಕಿಸುವ ರೂಢಿ ಇದೆ. ಅದು ಈ ವಿದ್ಯೆಯ ದಾಯಾದಿ ಅನ್ನಬಹುದು. ಅಂಜನದಲ್ಲಿ ವಸ್ತು ಕಳೆದುಹೋಗಿರುತ್ತದೆ. ಕಪ್ಪು ಹಚ್ಚಿದ ಎಲೆಯಲ್ಲಿ ದಿಟ್ಟಿಸಿ ಅದು ಎಲ್ಲಿದೆ, ಕದ್ದವರಾರು ಎಂದು ನೋಡುತ್ತಾರೆ. ಸೈಕೋಮೆಟ್ರಿಯಲ್ಲಿ ಉಂಗುರವೋ, ಗಡಿಯಾರವೋ, ಕಲ್ಲಿನ ಚೂರೋ ಕೈಯಲ್ಲೇ ಇರುತ್ತದೆ. ಅದರ ಒಡೆಯರು ಯಾರು, ಅದರ ಎದುರು ಏನೇನು ನಡೆಯಿತು ಎನ್ನುವುದನ್ನು ಹೇಳಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಸ್ತುವಿನಲ್ಲಿ ಕಳೆದ ಕಾಲ ಉಳಿದಿರುತ್ತದೆ ಎನ್ನುವ ಅರ್ಧ ಮಾತು ನಿಜ. ಅಂಗೈ ಅದನ್ನು ಓದುತ್ತದೆ ಎನ್ನುವ ಇನ್ನರ್ಧ ಪರೀಕ್ಷೆಗೆ ನಿಂತಿಲ್ಲ.

ಆ ನಿಜವಾದ ಅರ್ಧದ ಬೆನ್ನು ಹತ್ತಿದವರು ವಿಲಿಯಂ ಡೆಂಟನ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ, ಊರೂರು ಸುತ್ತಿ ಭೂವಿಜ್ಞಾನದ ಉಪನ್ಯಾಸ ಕೊಡುತ್ತಿದ್ದವರು. ಅವರ ಕಾಲವನ್ನು ಸ್ವಲ್ಪ ನೆನೆಯಿರಿ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಗೇರ್ ಎಂಬಾತ ಫೋಟೊ ತೆಗೆಯುವ ವಿಧಾನವನ್ನು ಪ್ರಕಟಿಸಿದ್ದ. ಬೆಳ್ಳಿ ಲೇಪದ ತಗಡು ಎದುರು ಕೂತವರ ಮುಖವನ್ನು ಹಿಡಿದಿಡುತ್ತದೆ ಅಂದಮೇಲೆ ಗೋಡೆ, ಬಂಡೆ, ಮೂಳೆಗಳೂ ಬೆಳಕಿಗೆ ಒಡ್ಡಿಕೊಂಡೇ ಇರುತ್ತವಲ್ಲ, ಅವೇಕೆ ಹಿಡಿದಿಡಬಾರದು ಎಂದು ಡೆಂಟನ್ ಕೇಳಿದರು. ಇತ್ತ ಭೂವಿಜ್ಞಾನಿಗಳು ಬಂಡೆಯ ಪದರಗಳಲ್ಲಿ ಲಕ್ಷಾಂತರ ವರ್ಷಗಳ ಕಥೆ ಓದುತ್ತಿದ್ದರು. ಆ ದಿನಗಳಲ್ಲಿ ಅದು ಹುಚ್ಚು ಪ್ರಶ್ನೆಯೇನೂ ಆಗಿರಲಿಲ್ಲ.

ಹೆಂಡತಿ ಎಲಿಜಬೆತ್, ತಂಗಿ ಆನ್, ಮಗ ಶೆರ್ಮನ್ ಇವರೇ ಅವರ ಪ್ರಯೋಗಶಾಲೆ. ಕಲ್ಲುಗಳನ್ನು ಕಾಗದದಲ್ಲಿ ಸುತ್ತಿ, ಎಷ್ಟೋ ಸಲ ಯಾವುದರಲ್ಲಿ ಏನಿದೆ ಎಂದು ತಮಗೂ ತಿಳಿಯದಂತೆ ಕಲೆಸಿ ಕೊಡುತ್ತಿದ್ದರು. ಈ ಎಚ್ಚರವನ್ನು ಮೆಚ್ಚಬೇಕು. ಹವಾಯಿಯ ಲಾವಾ ಚೂರು ಹಿಡಿದ ತಂಗಿಗೆ ಬೆಂಕಿಯ ಪ್ರವಾಹ ಸಮುದ್ರಕ್ಕೆ ಧುಮುಕುವುದು ಕಂಡಿತು. ಹೀಗೆ ಕಂಡದ್ದನ್ನೆಲ್ಲ ಸೇರಿಸಿ ಡೆಂಟನ್ ದಂಪತಿ 1863ರಲ್ಲಿ ‘ದಿ ಸೋಲ್ ಆಫ್ ಥಿಂಗ್ಸ್’ ಎಂಬ ಪುಸ್ತಕ ತಂದರು. ಆದರೆ ಅಣ್ಣ ಭೂವಿಜ್ಞಾನಿ, ಮನೆ ತುಂಬ ಕಲ್ಲು, ಊಟದ ಹೊತ್ತಿಗೂ ಜ್ವಾಲಾಮುಖಿಯ ಮಾತು. ಅಂಥಲ್ಲಿ ರಂಧ್ರ ರಂಧ್ರದ ಹಗುರ ಚೂರು ಕೈಗೆ ಬಂದರೆ, ಅದನ್ನು ಕಾಗದದಲ್ಲಿ ಸುತ್ತಿದ್ದರೂ ಬೆರಳಿಗೆ ಏನೂ ತಿಳಿಯುವುದಿಲ್ಲವೇ?

ಇದಕ್ಕಿಂತ ಹೆಚ್ಚು ಪಾಠ ಕಲಿಸುವುದು ರೋಮಿನ ಒಂದು ಚೂರು. ವಾಗ್ಮಿ ಸಿಸಿರೋನ ಮನೆಯದೆಂದು ನಂಬಿದ್ದ ನೆಲಹಾಸಿನ ತುಣುಕು ಅದು. ಹಿಡಿದಾಗ ಕಂಡದ್ದು ಮೈತುಂಬಿದ, ಗತ್ತಿನ ಒಬ್ಬ ಗಂಡಸು. ಸಿಸಿರೋ ಹಾಗಿರಲಿಲ್ಲ. ಅಲ್ಲಿಗೆ ಪ್ರಯೋಗ ಸೋತಿತು ಅನ್ನಬೇಕಿತ್ತು. ಆಮೇಲೆ ಡೆಂಟನ್ನರಿಗೆ, ಆ ಮನೆ ಸಿಸಿರೋಗಿಂತ ಮೊದಲು ಸರ್ವಾಧಿಕಾರಿ ಸುಲ್ಲಾನದಾಗಿತ್ತು ಎಂದು ಗೊತ್ತಾಯಿತು. ಕಂಡವನು ಸುಲ್ಲಾನೇ ಇರಬೇಕು ಎಂದು ಸೋಲು ಗೆಲುವಾಗಿ ಪುಸ್ತಕ ಸೇರಿತು. ಆಳು ಸೇವಕರು, ನೆಲ ಹಾಸಿದ ಕೂಲಿಗಳು, ಆ ಮನೆಗೆ ಬಂದುಹೋದ ಸಾವಿರ ಜನರಲ್ಲಿ ಯಾರಾದರೊಬ್ಬರು ಹೊಂದದೆ ಇರುತ್ತಾರೆಯೇ? ತಪ್ಪಾಗಲು ಸಾಧ್ಯವೇ ಇಲ್ಲದ ಉತ್ತರ ಅದು.

ಡೆಂಟನ್ ಅಲ್ಲಿಗೂ ನಿಲ್ಲಲಿಲ್ಲ. ಬಾಲಕ ಶೆರ್ಮನ್ ಆಕಾಶದಲ್ಲಿ ಶುಕ್ರಗ್ರಹವನ್ನು ದಿಟ್ಟಿಸಿ ಕಣ್ಣು ಮುಚ್ಚಿದರೆ ಅಲ್ಲಿನ ದೈತ್ಯ ಮರಗಳು, ವಿಚಿತ್ರ ಪ್ರಾಣಿಗಳು ಕಾಣುತ್ತಿದ್ದವು. ಇವತ್ತು ನಮಗೆ ಗೊತ್ತಿರುವಂತೆ ಶುಕ್ರನ ನೆಲ ಸೀಸ ಕರಗುವಷ್ಟು ಸುಡುತ್ತದೆ. ಮನೆಮಂದಿ ಸುಳ್ಳು ಹೇಳಿದರು ಎಂದು ಇದರಿಂದ ತಿಳಿಯಬೇಕಿಲ್ಲ. ಕಲ್ಲು ಹಿಡಿದಾಗ ಬಂದ ಚಿತ್ರವೂ ಶುಕ್ರನನ್ನು ನೋಡಿ ಬಂದ ಚಿತ್ರವೂ ಅಷ್ಟೇ ಸ್ಪಷ್ಟವಾಗಿದ್ದವು. ಸ್ಪಷ್ಟವಾಗಿ ಕಂಡದ್ದೆಲ್ಲ ನಿಜವಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಡೆಂಟನ್ 1883ರಲ್ಲಿ ನ್ಯೂಗಿನಿಯಲ್ಲಿ ಜ್ವರದಿಂದ ತೀರಿಕೊಂಡರು. ಶೆರ್ಮನ್ ಬೆಳೆದು ಮೀನುಗಳ ಚಿತ್ರಕಾರನಾಗಿ, ಚಿಟ್ಟೆ ಸಂಗ್ರಾಹಕನಾಗಿ ಹೆಸರು ಮಾಡಿದ. ಮೀನನ್ನು ಮಾತ್ರ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದ.

ಇಪ್ಪತ್ತನೇ ಶತಮಾನದಲ್ಲೂ ಇದು ನಿಲ್ಲಲಿಲ್ಲ. ವಾರ್ಸಾದಲ್ಲಿ ಪೊನಿಯಾಟೋವ್‌ಸ್ಕಿ ಎಂಬ ಪ್ರಾಧ್ಯಾಪಕರು ಸ್ಟೆಫಾನ್ ಒಸೊವಿಯೆಟ್ಸ್‌ಕಿ ಎಂಬ ಎಂಜಿನಿಯರರ ಕೈಗೆ ಶಿಲಾಯುಗದ ಕಲ್ಲಿನ ಆಯುಧಗಳನ್ನು ಕೊಟ್ಟು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರನ್ನು ಹಿಡಿದ ಮೇಲೂ ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಇಬ್ಬರೂ ಯುದ್ಧದಲ್ಲಿ ಉಳಿಯಲಿಲ್ಲ. ಅವರ ಟಿಪ್ಪಣಿಯಲ್ಲಿ ಆದಿಮಾನವರ ಗುಡಿಸಲು, ಉಡುಪು ಎಲ್ಲ ಇವೆ, ಆದರೆ ತಾಳೆ ನೋಡಲು ಸಾಕ್ಷಿ ಎಲ್ಲಿಂದ ತರುವುದು?

ಸಾಕ್ಷಿ ಸಿಗುವ ಕಡೆ, ಅಂದರೆ ಅಪರಾಧದ ತನಿಖೆಯಲ್ಲಿ, ಕಥೆ ಬೇರೆ. 1966ರ ಜನವರಿಯಲ್ಲಿ ಆಸ್ಟ್ರೇಲಿಯದ ಅಡಿಲೇಡಿನ ಕಡಲತೀರದಿಂದ ಒಂದೇ ಮನೆಯ ಮೂವರು ಮಕ್ಕಳು ಕಾಣೆಯಾದರು. ಕಾಣೆಯಾದವರ ಬಟ್ಟೆಬರೆ ಹಿಡಿದು ಸುಳಿವು ಹೇಳುತ್ತಾರೆಂದು ಹೆಸರಾಗಿದ್ದ ನೆದರ್ಲೆಂಡ್ಸಿನ ಜೆರಾರ್ಡ್ ಕ್ರೊಯಿಸೆಟ್ ಅಲ್ಲಿಗೆ ಬಂದು ಒಂದು ಗೋದಾಮಿನ ನೆಲವನ್ನು ತೋರಿಸಿದರು. ಜನರ ಒತ್ತಾಯ ತಡೆಯಲಾರದೆ ನೆಲ ಅಗೆದರು, ಏನೂ ಸಿಗಲಿಲ್ಲ. 1996ರಲ್ಲಿ ಮತ್ತೆ ಅಗೆದರು, ಆಗಲೂ ಇಲ್ಲ. ಆ ತಾಯಿತಂದೆ ಪ್ರತಿ ಸಲವೂ ಕಾದಿದ್ದರು ಎನ್ನುವುದನ್ನು ನೆನೆದಾಗ, ಇದನ್ನು ನಿರುಪದ್ರವಿ ಕುತೂಹಲ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಹಾಗಾದರೆ ಎಷ್ಟೋ ಜನ ‘ನನ್ನ ಉಂಗುರ ಹಿಡಿದು ಎಲ್ಲ ಸರಿಯಾಗಿ ಹೇಳಿಬಿಟ್ಟರು’ ಅನ್ನುತ್ತಾರಲ್ಲ? ಹೇಳುವವರ ಕೈಯನ್ನು ಬಿಟ್ಟು ಅವರ ಕಣ್ಣನ್ನು ಗಮನಿಸಿ. “ಇದರ ಹಿಂದೆ ಒಬ್ಬರು ಹಿರಿಯ ಹೆಂಗಸು ಇದ್ದಾರೆ.” ಹಳೆ ಉಂಗುರದ ಹಿಂದೆ ಅಜ್ಜಿಯೋ ಅತ್ತೆಯೋ ಇರದೆ ಇನ್ನಾರಿರುತ್ತಾರೆ? ನೀವು ತಲೆಯಾಡಿಸುತ್ತೀರಿ. “ಕೊನೆಗಾಲದಲ್ಲಿ ಎದೆಯ ಹತ್ತಿರ... ಅಥವಾ ಸ್ವಲ್ಪ ಕೆಳಗೆ, ಏನೋ ತೊಂದರೆ.” ನಿಮ್ಮ ಬಾಯಿಂದಲೇ ಬರುತ್ತದೆ: “ಹೌದು, ಉಸಿರಾಟದ ತೊಂದರೆ ಇತ್ತು.” ಮಾರನೆಯ ದಿನ ನೀವು ಪಕ್ಕದ ಮನೆಯವರಿಗೆ ಹೇಳುವುದು ಹೇಗೆ? “ನಮ್ಮ ಅಜ್ಜಿಗೆ ಉಬ್ಬಸ ಇತ್ತೂಂತ ಅವರೇ ಹೇಳಿದ್ರು ಕಣ್ರೀ!” ಒಂದು ತುಂಟ ಪ್ರಶ್ನೆಯೂ ಇದೆ. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಸಿನ ಸರ ಕರಗಿ ಸೊಸೆಗೆ ಬಳೆ, ಬಳೆ ಕರಗಿ ಮೊಮ್ಮಗಳಿಗೆ ಓಲೆ ಆಗುತ್ತಲೇ ಇರುತ್ತದೆ. ಅಕ್ಕಸಾಲಿಗರ ಮೂಸೆಯಲ್ಲಿ ಯಾರ ನೆನಪು ಉಳಿಯುತ್ತದೆ, ಯಾರದ್ದು ಆವಿಯಾಗುತ್ತದೆ?

1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಮನೋವಿಜ್ಞಾನಿ 39 ವಿದ್ಯಾರ್ಥಿಗಳಿಗೆ ಸ್ವಭಾವದ ಪರೀಕ್ಷೆ ನಡೆಸಿ, ಫಲಿತಾಂಶವೆಂದು ಎಲ್ಲರಿಗೂ ಒಂದೇ ಬರಹ ಕೊಟ್ಟರು. ಅದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಮಾತುಗಳು. ನಿಮಗೆಷ್ಟು ಹೊಂದುತ್ತದೆ ಎಂದು ಕೇಳಿದರೆ, ಐದಕ್ಕೆ ಸರಾಸರಿ 4.26 ಅಂಕ ಬಿತ್ತು. ಎದುರು ಒಂದು ಮುಖ ಇದ್ದರಂತೂ ಆ ಮಾತುಗಳನ್ನು ಇನ್ನಷ್ಟು ತಿದ್ದಿ ಹೊಂದಿಸಬಹುದು.

ಆ ಮುಖವನ್ನು ತೆಗೆದುಬಿಟ್ಟರೆ? ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಮನೋವಿಜ್ಞಾನಿ ಮಾರ್ಟಿನ್ ರೀಸರ್ ಮತ್ತವರ ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಮಂದಿ ಅತೀಂದ್ರಿಯವಾದಿಗಳಿಗೆ ನಾಲ್ಕು ಅಪರಾಧಗಳ ವಸ್ತುಗಳನ್ನು ಸೀಲ್ ಮಾಡಿದ ಲಕೋಟೆಯಲ್ಲಿ ಕೊಡಲಾಯಿತು. ತನಿಖೆಗೆ ಉಪಯೋಗವಾಗುವಂಥದ್ದು ಏನೂ ಬರಲಿಲ್ಲ. ಮುಂದೆ 1990ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಒಂದು ಶೂ, ಒಂದು ಸ್ಕಾರ್ಫು, ಒಂದು ಗುಂಡನ್ನು ಮೂವರು ಅತೀಂದ್ರಿಯವಾದಿಗಳಿಗೂ ಮೂವರು ಸಾಧಾರಣ ವಿದ್ಯಾರ್ಥಿಗಳಿಗೂ ಕೊಟ್ಟು ನೋಡಿದರು. ಎರಡು ಗುಂಪೂ ಊಹೆಯನ್ನು ಮೀರಲಿಲ್ಲ. ಸೀಲ್ ಮಾಡಿದ ಲಕೋಟೆ ನಮ್ಮ ಕಡೆಗೂ ಹೊಸದಲ್ಲ. ಕೇರಳದಲ್ಲಿ ಹುಟ್ಟಿ ಶ್ರೀಲಂಕೆಯಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್ ಎಂಬ ವಿಚಾರವಾದಿ ಪವಾಡ ಮಾಡುವೆವೆನ್ನುವವರಿಗೆ ಒಂದು ಲಕ್ಷ ರೂಪಾಯಿಯ ಸವಾಲು ಒಡ್ಡಿದ್ದರು, ಮುಚ್ಚಿದ ಲಕೋಟೆಯ ನೋಟಿನ ನಂಬರು ಹೇಳಿ ಎನ್ನುವುದೂ ಅದರಲ್ಲಿತ್ತು. ಆ ಹಣವನ್ನು ಯಾರೂ ಗೆಲ್ಲಲಿಲ್ಲ.

ಇಷ್ಟಾದರೂ ತೀರಿಕೊಂಡ ಅಪ್ಪನ ಕನ್ನಡಕ ನಮಗೆ ಬರೀ ಗಾಜು ಅಲ್ಲ. 2008ರಲ್ಲಿ ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನೋವಿಜ್ಞಾನಿಗಳು ಮಕ್ಕಳ ಮುಂದೆ ಒಂದು ‘ನಕಲು ಯಂತ್ರ’ ಇಟ್ಟರು. ಗುಂಡಿಗಳು, ದೀಪಗಳಿದ್ದ ಎರಡು ಪೆಟ್ಟಿಗೆ, ಅಷ್ಟೇ. ಒಂದರಲ್ಲಿ ಆಟಿಕೆ ಇಟ್ಟರೆ ಇನ್ನೊಂದರಲ್ಲಿ ಅಂಥದ್ದೇ ಹುಟ್ಟುತ್ತದೆ ಎಂದು ಮಕ್ಕಳು ನಂಬಿದರು. ಬೇರೆ ಆಟಿಕೆಯಾದರೆ ನಕಲನ್ನು ಖುಷಿಯಿಂದ ತೆಗೆದುಕೊಂಡರು. ದಿನಾ ತಬ್ಬಿಕೊಂಡು ಮಲಗುವ ಗೊಂಬೆಯಾದರೆ ಅಸಲಿಯೇ ಬೇಕು. ಕೆಲವರಂತೂ ಅದನ್ನು ಪೆಟ್ಟಿಗೆಗೆ ಹಾಕಲೇ ಬಿಡಲಿಲ್ಲ. ಹೇಳಿಕೊಡದೆಯೇ ಅಷ್ಟು ಚಿಕ್ಕ ವಯಸ್ಸಿಗೆ ಬಂದುಬಿಡುವ ಭಾವನೆ ಇದು. ಬ್ಯೂಕ್ಯಾನನ್ನರ ಶಾಸ್ತ್ರಕ್ಕೆ ಗಿರಾಕಿಗಳು ಕಡಿಮೆಯಾಗದಿರುವುದು ಇದರಿಂದಲೇ.

ಇನ್ನು ಆ ನಿಜವಾದ ಅರ್ಧ. ಮಡಕೆಯ ಚೂರು ತನ್ನ ಲೆಕ್ಕವನ್ನು ಬರೆದಿಟ್ಟುಕೊಳ್ಳುತ್ತದೆ: ಆವಿಗೆಯಲ್ಲಿ ಸುಟ್ಟ ಮೇಲೆ ಸುತ್ತಲಿನ ಮಣ್ಣಿನ ಅಲ್ಪ ವಿಕಿರಣವನ್ನು ಅದರ ಹರಳುಗಳು ಕೂಡಿಡುತ್ತಾ ಹೋಗುತ್ತವೆ. ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದಾಗ ಅದು ಬೆಳಕಾಗಿ ಹೊರಬರುತ್ತದೆ, ಆ ಬೆಳಕನ್ನು ಅಳೆದು ಮಡಕೆಯ ವಯಸ್ಸು ಹೇಳುತ್ತಾರೆ. 2023ರಲ್ಲಂತೂ ಜರ್ಮನಿಯ ಲೈಪ್ಜಿಗ್‌ನ ವಿಜ್ಞಾನಿಗಳು ಡೆಂಟನ್ ಕಂಡ ಕನಸನ್ನೇ ನಿಜ ಮಾಡಿದರು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ಜಿಂಕೆ ಜಾತಿಯ ಪ್ರಾಣಿಯ ಹಲ್ಲಿಗೆ ತೂತು ಕೊರೆದು ಮಾಡಿದ ಪದಕವೊಂದು ಸಿಕ್ಕಿತ್ತು, ಸುಮಾರು 20 ಸಾವಿರ ವರ್ಷ ಹಳೆಯದು. ಅದನ್ನು ಕೊರೆಯದೆ, ಪುಡಿ ಮಾಡದೆ, ಫಾಸ್ಫೇಟ್ ದ್ರಾವಣದಲ್ಲಿಟ್ಟು ಮೆಲ್ಲಗೆ 90 ಡಿಗ್ರಿಯವರೆಗೆ ಬಿಸಿ ಮಾಡಿದರು. ಪ್ರಾಣಿಯ ಡಿಎನ್ಎ ಜೊತೆಗೆ ಮನುಷ್ಯರ ಡಿಎನ್ಎ ಕೂಡ ದ್ರಾವಣಕ್ಕೆ ಇಳಿಯಿತು. ಅದು ಒಬ್ಬ ಹೆಂಗಸಿನದು. ಪದಕ ಮಾಡಿದವಳೋ, ಕೊರಳಿಗೆ ಹಾಕಿಕೊಂಡವಳೋ, ಆಕೆಯ ಬೆವರು ಹಲ್ಲಿನ ಸಣ್ಣ ರಂಧ್ರಗಳಿಗೆ ಇಳಿದಿತ್ತು. ಇನ್ನೂ ಪೂರ್ವಕ್ಕಿದ್ದ ಸೈಬೀರಿಯದ ಜನರಿಗೆ ಅವಳು ಬಂಧು ಎನ್ನುವುದೂ ತಿಳಿಯಿತು.

ಇದು ಸಾಧ್ಯವಾದದ್ದು, ಅಗೆದವರು ಕೈಗವಸು ತೊಟ್ಟು ಅದನ್ನು ಎತ್ತಿದ್ದರಿಂದ. ಮ್ಯೂಸಿಯಮ್ಮುಗಳ ಹಳೆಯ ಸಂಗ್ರಹದಲ್ಲಿ ಬಹಳಷ್ಟಕ್ಕೆ ಈ ವಿಧಾನ ಒಗ್ಗುವುದು ಕಷ್ಟ. ಅವನ್ನು ಆಗಲೇ ಎಷ್ಟೋ ಜನ ಬರಿಗೈಯಲ್ಲಿ ಮುಟ್ಟಿ, ತೊಳೆದು, ಒರೆಸಿ ಇಟ್ಟಿದ್ದಾರೆ.