ಯಾರೂ ನೋಡದ ತಿಪ್ಪೆ

ನಮ್ಮೂರ ಮನೆಯ ಹಿತ್ತಲಿನ ಮೂಲೆಯಲ್ಲಿ ಒಂದು ತಿಪ್ಪೆ ಇತ್ತು. ಅಜ್ಜಿ ದಿನಾ ಬೆಳಿಗ್ಗೆ ಕೊಟ್ಟಿಗೆ ಬಾಚಿ, ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಹುಲ್ಲು ಎಲ್ಲವನ್ನೂ ಪುಟ್ಟಿಯಲ್ಲಿ ಹೊತ್ತು ತಂದು ಅಲ್ಲಿ ಸುರಿಯುತ್ತಿದ್ದರು. ಮಕ್ಕಳು ನಾವು ಮೂಗು ಮುಚ್ಚಿಕೊಂಡು ಆ ಕಡೆಯಿಂದ ಓಡುತ್ತಿದ್ದೆವು. ಮುಂಗಾರಿಗೆ ಮುಂಚೆ ಅದೇ ತಿಪ್ಪೆ ಅಗೆದರೆ ಒಳಗೆ ಕರ್ರಗಿನ, ಬಿಸಿಬಿಸಿ ಗೊಬ್ಬರ. ಅಜ್ಜಿ ಅದನ್ನು ಅಂಗೈಯಲ್ಲಿ ಪುಡಿ ಮಾಡಿ ನೋಡಿದ ಮೇಲೇ ಗಾಡಿ ಹೊಲಕ್ಕೆ ಹೊರಡುತ್ತಿದ್ದುದು.

ಜಪಾನಿನ ಜೀವಕೋಶ ವಿಜ್ಞಾನಿ ಯೋಶಿನೋರಿ ಓಸುಮಿ ಅವರ ಬಗ್ಗೆ ಓದಿದಾಗಲೆಲ್ಲ ನನಗೆ ಆ ತಿಪ್ಪೆ ನೆನಪಾಗುತ್ತದೆ.

ಓಸುಮಿ ಹುಟ್ಟಿದ್ದು 1945ರಲ್ಲಿ, ಫುಕುವೋಕಾದಲ್ಲಿ. ಡಾಕ್ಟರೇಟ್ ಮುಗಿಸಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಹಿಡಿದ ಕೆಲಸ ಕೈಗೆ ಹತ್ತಲಿಲ್ಲ. ಟೋಕಿಯೋಗೆ ಮರಳಿದ ಮೇಲೆ ಅವರು ಆರಿಸಿಕೊಂಡದ್ದು ಯೀಸ್ಟ್ ಕೋಶದೊಳಗಿನ ರಸದಾನಿ ಎಂಬ ಚೀಲವನ್ನು. ಅದನ್ನು ಕೋಶದ ಕಸದ ಗುಂಡಿ ಎಂದೇ ಆ ಕಾಲದ ಬಹಳ ಮಂದಿ ತಿಳಿದಿದ್ದರು. ಪೈಪೋಟಿ ತಮಗೆ ಒಗ್ಗುವುದಿಲ್ಲ, ಯಾರೂ ಇಲ್ಲದ ಕಡೆ ಕೆಲಸ ಮಾಡುವುದೇ ಇಷ್ಟ ಎಂದು ಓಸುಮಿ ಹೇಳಿಕೊಂಡಿದ್ದಾರೆ. ಸ್ವಂತ ಪ್ರಯೋಗಾಲಯ ಸಿಕ್ಕಿದ್ದು 1988ರಲ್ಲಿ. ಆಗ ಅವರಿಗೆ ನಲವತ್ತಮೂರು ವರ್ಷ. ಈ ವಯಸ್ಸಿಗೆ ನಮ್ಮಲ್ಲಿ ಎಷ್ಟೋ ಜನ, ಇನ್ನು ನನ್ನಿಂದ ಹೊಸದೇನು ಆದೀತು ಎಂದು ಕೈಚೆಲ್ಲಿಬಿಡುತ್ತೇವೆ.

ಕೋಶ ತನ್ನದೇ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ದ ದೂವ್ 1963ರಲ್ಲೇ ಅದಕ್ಕೆ ಆಟೋಫೇಜಿ, ಅಂದರೆ ಸ್ವಭಕ್ಷಣೆ, ಎಂದು ಹೆಸರಿಟ್ಟಿದ್ದರು. ಹೇಗೆ ನಡೆಯುತ್ತದೆ ಎಂಬುದು ಮಾತ್ರ ಯಾರಿಗೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಯೀಸ್ಟ್ ಕೋಶ ಬಲು ಚಿಕ್ಕದು. ರಸದಾನಿಗೆ ಬಿದ್ದದ್ದು ಬಿದ್ದ ಹಾಗೇ ಕರಗಿಹೋಗುತ್ತದೆ. ಓಸುಮಿ ಒಂದು ಉಪಾಯ ಮಾಡಿದರು. ರಸದಾನಿಯಲ್ಲಿ ಜೀರ್ಣಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿಯನ್ನು ತೆಗೆದುಕೊಂಡು ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ರಸದಾನಿಯೊಳಗೆ ಕರಗದೆ ಉಳಿದ ಸಣ್ಣ ಸಣ್ಣ ಗುಂಡನೆಯ ಚೀಲಗಳು ತುಂಬಿಕೊಂಡವು. ಎಲ್ಲವೂ ಸುಮ್ಮನಿರದೆ ಮಿಸುಕಾಡುತ್ತಿದ್ದವು. ಮಾಮೂಲಿ ಸೂಕ್ಷ್ಮದರ್ಶಕದಲ್ಲೇ ಅದು ಕಾಣಿಸಿತು. ಕಣ್ಣು ತೆಗೆಯಲು ಮನಸ್ಸಾಗದೆ ಅವರು ಗಂಟೆಗಟ್ಟಲೆ ನೋಡುತ್ತ ಕುಳಿತರಂತೆ.

ಆಮೇಲೆ ಸಾವಿರಾರು ಯೀಸ್ಟ್ ಮಾದರಿಗಳನ್ನು ಅವರೂ ಅವರ ವಿದ್ಯಾರ್ಥಿನಿಯೂ ಒಂದೊಂದಾಗಿ ಸೋಸಿದರು. 1993ರಲ್ಲಿ, ಸ್ವಭಕ್ಷಣೆಗೆ ಬೇಕೇ ಬೇಕಾದ 15 ಜೀನ್‌ಗಳ ಪಟ್ಟಿ ಪ್ರಕಟವಾಯಿತು. ದೊಡ್ಡ ಸುದ್ದಿಯೇನೂ ಆಗಲಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಸಾಟಿಯಾದ ಜೀನ್‌ಗಳು ಮನುಷ್ಯರಲ್ಲೂ ಇವೆ ಎಂದು ತಿಳಿದಾಗ ಕ್ಯಾನ್ಸರ್, ಪಾರ್ಕಿನ್ಸನ್, ಸೋಂಕು ರೋಗಗಳ ಸಂಶೋಧಕರೆಲ್ಲ ಇತ್ತ ತಿರುಗಿದರು. ವರ್ಷಕ್ಕೆ ಬೆರಳೆಣಿಕೆಯಷ್ಟು ಪ್ರಬಂಧ ಬರುತ್ತಿದ್ದ ವಿಷಯದಲ್ಲಿ ಇಂದು ಸಾವಿರಾರು ಬರುತ್ತಿವೆ. 2016ರ ವೈದ್ಯಕೀಯ ನೊಬೆಲ್ ಓಸುಮಿ ಒಬ್ಬರಿಗೇ ಬಂತು. ಉಪವಾಸದ ಮಹಿಮೆಗೆ ನೊಬೆಲ್ ಸಿಕ್ಕಿತು ಎಂದು ಈಗಲೂ ಹೇಳುವವರಿದ್ದಾರೆ. ಆ ಮಾತು ಸರಿಯಲ್ಲ. ಬಹುಮಾನ ಬಂದದ್ದು ಕೋಶದೊಳಗಿನ ಒಂದು ಕಸುಬನ್ನು ತಾಳ್ಮೆಯಿಂದ ಬಿಡಿಸಿ ತೋರಿಸಿದ್ದಕ್ಕೆ. ಮರುವರ್ಷವೇ ಅವರು ಒಂದು ಪ್ರತಿಷ್ಠಾನ ಕಟ್ಟಿದರು. ತಕ್ಷಣದ ಲಾಭ ಕಾಣದ ಮೂಲವಿಜ್ಞಾನಕ್ಕೆ ಅದು ನೆರವಾಗುತ್ತದೆ.

ಈ ಕಸುಬು ನಮ್ಮ ಮೈಯೊಳಗೂ ನಡೆಯುತ್ತದೆ. ನಾವು ದಿನಕ್ಕೆ ತಿನ್ನುವ ಪ್ರೋಟೀನು ಸುಮಾರು ಎಪ್ಪತ್ತು ಗ್ರಾಂ. ಮೈ ಹೊಸದಾಗಿ ಕಟ್ಟಿಕೊಳ್ಳುವುದು ಇನ್ನೂರು ಗ್ರಾಂಗೂ ಹೆಚ್ಚು. ಉಳಿದದ್ದೆಲ್ಲ ಒಳಗಿನ ಹಳತನ್ನೇ ಒಡೆದು ಮತ್ತೆ ಬಳಸಿದ್ದು. ಈಗ ರೇಡಿಯೋ ಕೇಳುತ್ತ ಕಾಫಿ ಕುಡಿಯುತ್ತಿರುವಾಗಲೂ ನಿಮ್ಮೊಳಗೆ ಆ ಕೆಲಸ ಸದ್ದಿಲ್ಲದೆ ಸಾಗಿದೆ.

ಓಸುಮಿ ಅವರ ಜೊತೆ ಕೆಲಸ ಮಾಡಿದ್ದ ನೊಬೊರು ಮಿಜುಶಿಮಾ ಮುಂದೆ ಇಲಿಮರಿಗಳಲ್ಲಿ ಇದನ್ನೇ ನೋಡಿದರು. ಮರಿ ಹುಟ್ಟಿದ ಕೂಡಲೇ ಅದರ ಕೋಶಗಳಲ್ಲಿ ಸ್ವಭಕ್ಷಣೆ ಒಮ್ಮೆಲೇ ಏರುತ್ತದೆ. ಇದಕ್ಕೆ ಬೇಕಾದ ಒಂದು ಜೀನ್ ಇಲ್ಲದ ಮರಿಗಳು ನೋಡಲು ಚೆನ್ನಾಗಿಯೇ ಹುಟ್ಟಿದವು, ಒಂದೇ ದಿನದಲ್ಲಿ ಸತ್ತವು. ಹೊಕ್ಕುಳಬಳ್ಳಿ ಕಡಿದ ಗಳಿಗೆಯಿಂದ ತಾಯಿಯ ಹಾಲು ಬಾಯಿಗೆ ಹತ್ತುವ ತನಕ ಹೊರಗಿನಿಂದ ಊಟ ಇರುವುದಿಲ್ಲ. ಆ ಕೆಲವು ಗಂಟೆ ಮರಿಯ ಜೀವ ಹಿಡಿದಿಡುವುದು ಅದರೊಳಗಿನ ಆ ತಿಪ್ಪೆಯೇ.